ಕ್ಷಾರ ಮೆಚ್ಚಿದ ಬಣ್ಣ

ಬಿಳಿ ಅಂಗಿಯ ಮೇಲೆ ಹುಳಿ ಚೆಲ್ಲಿದ ಕಲೆಗೆ ಸೋಪು ತಿಕ್ಕಿದವರಿಗೆ ಗೊತ್ತು, ಹಳದಿ ಕಲೆ ಕಣ್ಣೆದುರೇ ಕೆಂಪಗಾಗುತ್ತದೆ. ಅದನ್ನೇ ಜಾಲಿಸಿ ಒಳ್ಳೆಯ ಬಿಸಿಲಿಗೆ ಹಾಕಿದರೆ ಕಲೆ ಮಾಸುತ್ತ ಹೋಗುತ್ತದೆ. ಮನೆಯಲ್ಲೇ ಸೋಪು ಮಾಡಿ, ಅದಕ್ಕೆ ಹೂವು, ಬೇರು, ಪುಡಿಗಳಿಂದ ಬಣ್ಣ ಕೊಡಲು ಹೊರಟವರು ಕಲಿಯಬೇಕಾದ ಪಾಠದ ಮುಕ್ಕಾಲು ಪಾಲು ಇಲ್ಲೇ ಇದೆ. ಅರಿಸಿನದ ಕುರ್ಕುಮಿನ್ ಕ್ಷಾರ ತಾಗಿದರೆ ಕೆಂಪಾಗುತ್ತದೆ, ಬಿಸಿಲು ತಾಗಿದರೆ ಕಳೆಗುಂದುತ್ತದೆ. ಆರತಿ ನೀರಿಗೆ ಅರಿಸಿನದ ಜೊತೆ ಚಿಟಿಕೆ ಸುಣ್ಣ ಕದಡುವುದೂ, ಹಳೆಯ ಪದ್ಧತಿಯಲ್ಲಿ ಅರಿಸಿನಕ್ಕೆ ಸುಣ್ಣ, ಬಿಳಿಗಾರ ಸೇರಿಸಿ ಕುಂಕುಮ ಮಾಡುವುದೂ ಈ ಗುಣವನ್ನು ನಂಬಿಯೇ.

ಎಣ್ಣೆಯೂ ಕಾಸ್ಟಿಕ್ ಸೋಡಾವೂ ಕೂಡಿದರೆ ಸೋಪು. ಪೂರ್ತಿ ಒಣಗಿದ ಮೇಲೂ ಅದರ ಪಿಎಚ್ 9–10ರ ಆಸುಪಾಸಿನಲ್ಲಿರುತ್ತದೆ. ಕಲಸುವ ಹೊತ್ತಿನಲ್ಲಂತೂ ಇನ್ನೂ ಮೇಲೆ. ಹೀಗಾಗಿ ಹೂವು ಗಿಡದಲ್ಲಿ ಯಾವ ಬಣ್ಣಕ್ಕಿತ್ತು ಎನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಹೊಸಬರು ಮೊದಲು ಕೈಹಾಕುವುದು ಬೀಟ್‌ರೂಟ್‌ಗೆ. ಅದರ ಕೆಂಪು ಕ್ಷಾರಕ್ಕೂ ಶಾಖಕ್ಕೂ ತಾಳುವುದಿಲ್ಲ, ಕಂದಾಗಿಬಿಡುತ್ತದೆ. ದಾಸವಾಳ, ಪುನರ್ಪುಳಿ, ಶಂಖಪುಷ್ಪಗಳದ್ದು ಆಂಥೋಸಯನಿನ್ ಎಂಬ ಬಣ್ಣ. ಲಿಂಬೆರಸ ಹಿಂಡಿದರೆ ಕೆಂಪಿಗೆ ಹೊರಳುವ ಇದು ಸೋಪಿನಲ್ಲಿ ಹಸಿರಿಗೆ ತಿರುಗಿ, ಕಡೆಗೆ ಕೆಸರಿನ ಬಣ್ಣಕ್ಕೆ ಬಂದು ನಿಲ್ಲುತ್ತದೆ. ಮೇಳಗಳಲ್ಲಿ ಮಾರುವ ರಾಣಿ ಪಿಂಕ್ 'ಬೀಟ್‌ರೂಟ್ ಸೋಪಿ'ಗೆ ಬೀಟ್‌ರೂಟ್ ಹಾಕಿರಬಹುದು. ಆ ಬಣ್ಣ ಮಾತ್ರ ಬೇರೆ ಡಬ್ಬಿಯಿಂದ ಬಂದದ್ದು.

ಎಣ್ಣೆ ದಂಡವಾಗದಂತೆ ಇದನ್ನೆಲ್ಲ ಮೊದಲೇ ಪರೀಕ್ಷಿಸಬಹುದು. ಅರ್ಧ ಲೋಟ ನೀರಿಗೆ ಒಂದು ಚಮಚ ವಾಷಿಂಗ್ ಸೋಡಾ ಕರಗಿಸಿ, ಬಣ್ಣದ ಪುಡಿ ಚಿಟಿಕೆ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕಾಣುವ ಬಣ್ಣ ಸೋಪಿನ ಬಣ್ಣದ ಪಡಿಯಚ್ಚಲ್ಲ, ಆದರೆ ಯಾವುದು ಕೈಕೊಡುತ್ತದೆ ಎನ್ನುವುದು ತಿಳಿದುಹೋಗುತ್ತದೆ.

ಕ್ಷಾರಕ್ಕೆ ಜಗ್ಗದ ಬಣ್ಣಗಳೂ ಇವೆ. ಮಣ್ಣುಗಳು ಎಲ್ಲಕ್ಕಿಂತ ನಂಬಿಗಸ್ತ: ಕೆಮ್ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡಿನದ್ದು, ಕ್ಷಾರವೂ ಬಿಸಿಲೂ ಅದನ್ನು ಅಲುಗಾಡಿಸುವುದಿಲ್ಲ. ಹಿತ್ತಲಿನಿಂದ ಅಗೆದು ತರಬೇಡಿ, ಸೌಂದರ್ಯವರ್ಧಕಕ್ಕೆಂದೇ ಶುದ್ಧಮಾಡಿದ್ದನ್ನು ಕೊಳ್ಳಿ. ಮುಲ್ತಾನಿ ಮಿಟ್ಟಿ ಕೆನೆಬಣ್ಣ ಕೊಡುತ್ತದೆ, ತೆಂಗಿನ ಚಿಪ್ಪಿನ ಇದ್ದಿಲು ಬೂದಿನಿಂದ ಕಪ್ಪಿನವರೆಗೆ. ಇದ್ದಿಲು ಹೆಚ್ಚಾದರೆ ನೊರೆಯೂ ಬೂದಾಗುತ್ತದೆ, ಟವೆಲ್ಲೂ.

ಗ್ರಂಥಿಗೆ ಅಂಗಡಿಯ ಮಂಜಿಷ್ಠ ನನ್ನ ಮೆಚ್ಚಿನದು. ಬಟ್ಟೆಗೆ ಕೆಂಪು ಕಟ್ಟುವ ಈ ಬೇರು ಸೋಪಿನಲ್ಲಿ ಮೆದು ಗುಲಾಬಿಯಾಗುತ್ತದೆ. ಕಾಶ್ಮೀರಿ ರೋಗನ್ ಜೋಶ್‌ಗೆ ಕೆಂಪು ತರುವ ರತನ್‌ಜೋತ್ ಎಣ್ಣೆಯಲ್ಲಿ ರಕ್ತಗೆಂಪು. ಕ್ಷಾರ ಸೇರಿದೊಡನೆ ನೇರಳೆ, ಕೆಲವೊಮ್ಮೆ ನೀಲಿ. ಬೀಟ್‌ರೂಟನ್ನು ಕೆಡಿಸಿದ ಕ್ಷಾರವೇ ಇದಕ್ಕೆ ರಂಗು ಕೊಡುತ್ತದೆ. ಬೇರಿನ ಚೂರು ಎರಡು ಚಮಚದಷ್ಟನ್ನು ಒಂದು ಕಪ್ ಎಣ್ಣೆಗೆ ಹಾಕಿ, ಬಿಸಿನೀರಿನ ಪಾತ್ರೆಯೊಳಗೆ ಒಂದೆರಡು ತಾಸು ಇಟ್ಟು ಸೋಸಿಕೊಂಡರೆ ಬಣ್ಣವೆಲ್ಲ ಎಣ್ಣೆಗಿಳಿದಿರುತ್ತದೆ. ಅರಿಸಿನಕ್ಕೂ ಇದೇ ದಾರಿ ಒಳ್ಳೆಯದು. ಪುಡಿಯನ್ನೇ ಸುರಿದರೆ ಸೋಪಿನಲ್ಲಿ ಚುಕ್ಕಿ ಬೀಳುತ್ತದೆ. ಕಲಸುವಾಗ ಕೆಂಪೇರಿದರೆ ಹೆದರಬೇಡಿ, ಸೋಪು ಮಾಗುತ್ತ ಹಳದಿಯ ಕಡೆಗೆ ಮರಳುತ್ತದೆ.

ನೀಲಿಯ ವಿಷಯದಲ್ಲಿ ಮೋಸಹೋಗುವವರು ಬಹಳ. ತಲೆಗೂದಲಿಗೆಂದು ಮಾರುವ ಇಂಡಿಗೊ ಪುಡಿ ನೀಲಿ ಗಿಡದ ಒಣ ಎಲೆ, ಹಸಿರು ಬಣ್ಣದ್ದು. ಸೋಪಿಗೆ ಬೇಕಾದದ್ದು ಎಲೆಯನ್ನು ನೀರಲ್ಲಿ ಕೊಳೆಸಿ, ಕಡೆದು, ತಳಕ್ಕಿಳಿದದ್ದನ್ನು ಒಣಗಿಸಿದ ಕಡುನೀಲಿ ಬಣ್ಣ. ಅದಾದರೆ ಕಾಲು ಚಮಚವೂ ಹೆಚ್ಚೇ. ಬೇವು, ಮದರಂಗಿ ಪುಡಿಗಳ ಹಸಿರು ಬೆಳಕಿಗೆ ಬೇಗ ಕಂದುತ್ತದೆ. ಇನ್ನು ಬಣ್ಣಕ್ಕೇ ಹೆಸರಾದ ಬ್ಯಾಡಗಿ ಮೆಣಸಿನಕಾಯಿ? ಖಾರ ಕಡಿಮೆ, ನಿಜ. ಆದರೂ ಕಣ್ಣಿಗೆ ತಾಗುವ ವಸ್ತು, ಅದನ್ನು ಅಡುಗೆಗೇ ಬಿಡೋಣ.

ಮೊದಲ ಸೋಪಿಗೆ ಬರೀ ಕೊಬ್ಬರಿ ಎಣ್ಣೆ ಸಾಕು. 500 ಗ್ರಾಂ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 91 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಅಷ್ಟೂ ಹಾಕಿದರೆ ಚರ್ಮ ಬಿರಿಯುತ್ತದೆ. 73 ಗ್ರಾಂ ಹಾಕಿದರೆ ಐದನೇ ಒಂದು ಪಾಲು ಎಣ್ಣೆ ಎಣ್ಣೆಯಾಗಿಯೇ ಉಳಿದು ಮೈಗೆ ಹಿತ. ನೀರು 165 ಗ್ರಾಂ. ಎಲ್ಲವೂ ತೂಕದಲ್ಲಿ, ಡಿಜಿಟಲ್ ತಕ್ಕಡಿಯಲ್ಲಿ. ಲೋಟ, ಚಮಚದ ಅಳತೆ ಇಲ್ಲಿ ಸಲ್ಲದು. ಸೋಡಾವನ್ನು ನೀರಿಗೆ ಹಾಕಬೇಕೇ ಹೊರತು ಸೋಡಾದ ಮೇಲೆ ನೀರು ಸುರಿಯಕೂಡದು, ಕುದಿದು ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ. ಸೋಡಾ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ. ಸ್ಟೀಲ್ ಪಾತ್ರೆ, ರಬ್ಬರ್ ಗ್ಲೌಸ್, ಕನ್ನಡಕ, ತೆರೆದ ಕಿಟಕಿ, ಹತ್ತಿರ ಸುಳಿಯದ ಮಕ್ಕಳು: ಇಷ್ಟಿಲ್ಲದೆ ಶುರುಮಾಡಬೇಡಿ.

ಎಣ್ಣೆ, ಸೋಡಾ ನೀರು ಎರಡೂ 40 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಆರಿದ ಮೇಲೆ ಕೂಡಿಸಿ, ಹ್ಯಾಂಡ್ ಬ್ಲೆಂಡರ್‌ನಲ್ಲಿ ಬಿಟ್ಟುಬಿಟ್ಟು ತಿರುಗಿಸಿದರೆ ಮಿಶ್ರಣ ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ. ಪುಡಿ ಬಣ್ಣ ಸೇರಿಸುವ ಹೊತ್ತು ಅದು. ಮಣ್ಣು, ಇದ್ದಿಲಿನಂಥವು ಈ ಅಳತೆಗೆ ಒಂದು ಚಮಚ, ಅದೂ ತುಸು ಎಣ್ಣೆಯಲ್ಲಿ ಗಂಟಿಲ್ಲದಂತೆ ಕದಡಿ. ಅಚ್ಚಿಗೆ ಹೊಯ್ದದ್ದನ್ನು ಅದೇ ದಿನ ಕತ್ತರಿಸಿಬಿಡಿ. ಕೊಬ್ಬರಿ ಎಣ್ಣೆ ಸೋಪು ಬಲುಬೇಗ ಗಟ್ಟಿಯಾಗಿ, ಮರುದಿನ ಚಾಕು ಇಟ್ಟರೆ ಪುಡಿಯಾಗುತ್ತದೆ. ಆಮೇಲೆ ಗಾಳಿಯಾಡುವ ನೆರಳಿನಲ್ಲಿ ನಾಲ್ಕರಿಂದ ಆರು ವಾರ ಮಾಗಬೇಕು.

ಕಾಸ್ಟಿಕ್ ಸೋಡಾ ಮುಟ್ಟಲು ಅಂಜುವವರಿಗೆ ಕರಗಿಸಿ ಎರೆಯುವ ಗ್ಲಿಸರಿನ್ ಬೇಸ್ ಸಿಗುತ್ತದೆ. ಬಿಸಿ ಇರುವಾಗಲೇ ಪುಡಿ ಹಾಕಿದರೆ ತಳ ಸೇರುತ್ತದೆ, ಸ್ವಲ್ಪ ಮಂದವಾಗುವವರೆಗೆ ಕಾಯಬೇಕು. ಅದರಲ್ಲೂ ಬೀಟ್‌ರೂಟ್ ಹೆಚ್ಚು ದಿನ ನಿಲ್ಲುವುದಿಲ್ಲ.

ಮನೆಮಂದಿಗೆ, ನೆಂಟರಿಷ್ಟರಿಗೆ ಹಂಚಲು ಯಾರ ಅಪ್ಪಣೆಯೂ ಬೇಡ. ಮಾರಾಟಕ್ಕೆ ಇಳಿಯುವುದಾದರೆ ಮಾತ್ರ ಸ್ನಾನದ ಸೋಪು ಸೌಂದರ್ಯವರ್ಧಕಗಳ ಲೆಕ್ಕಕ್ಕೆ ಬರುತ್ತದೆ. 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ತಯಾರಿಕೆಗೆ ಪರವಾನಗಿ ಪಡೆಯಬೇಕು.