ತಂಬಾಕು ತ್ಯಜಿಸಲು ನೆರವು: ಸೇವೆಯಲ್ಲಿ ಸಮಾನತೆಯ ವಿಚಾರ

ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮವು 2007-08ನೇ ಸಾಲಿನಲ್ಲಿ ಆರಂಭಗೊಂಡು ಹಂತ ಹಂತವಾಗಿ ಜಿಲ್ಲೆಗಳಿಗೆ ವಿಸ್ತರಣೆಗೊಂಡಿತು. ಅದರ ಅಡಿಯಲ್ಲಿ ಜಿಲ್ಲಾ ತಂಬಾಕು ನಿಯಂತ್ರಣ ಕೋಶವೂ ಜಿಲ್ಲಾ ಆಸ್ಪತ್ರೆಯಲ್ಲಿ ತಂಬಾಕು ವ್ಯಸನಮುಕ್ತಿ ಕೇಂದ್ರವೂ ಕಾರ್ಯನಿರ್ವಹಿಸುತ್ತವೆ. ಕೇಂದ್ರದಲ್ಲಿ ಆಪ್ತಸಮಾಲೋಚನೆ ಉಚಿತ. ಜಾತಿ, ಧರ್ಮ, ಲಿಂಗ, ಆದಾಯಗಳ ಕಾರಣಕ್ಕೆ ಯಾರನ್ನೂ ಹಿಂದಕ್ಕೆ ಕಳುಹಿಸುವಂತಿಲ್ಲ. ಆದರೆ ಯಾರನ್ನೂ ಹಿಂದಕ್ಕೆ ಕಳುಹಿಸದಿರುವುದು ಒಂದು ಮಾತು. ನೆರವು ಬೇಕಾದವರೆಲ್ಲರೂ ಆ ಬಾಗಿಲವರೆಗೆ ಬರುವಂತಾಗುವುದು ಮತ್ತೊಂದು ಮಾತು. ಸಮಾನತೆಯ ವಿಚಾರ ಹುಟ್ಟುವುದು ಈ ಎರಡರ ನಡುವಿನ ಅಂತರದಲ್ಲಿ. ತಂಬಾಕಿನಿಂದ ದೇಶದಲ್ಲಿ ಪ್ರತಿವರ್ಷ ಸುಮಾರು 13 ಲಕ್ಷ ಜನ ಸಾವನ್ನಪ್ಪುತ್ತಿರುವಾಗ ಈ ಅಂತರವನ್ನು ಸಣ್ಣದೆಂದು ಭಾವಿಸಲಾಗದು.

ತಂಬಾಕನ್ನು ಯಾರು, ಯಾವ ರೂಪದಲ್ಲಿ ಬಳಸುತ್ತಾರೆ ಎಂಬುದನ್ನು ಮೊದಲು ನೋಡಬೇಕಾಗುತ್ತದೆ. 2016-17ರಲ್ಲಿ ನಡೆದ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಎರಡನೆಯ ಸುತ್ತಿನ ಪ್ರಕಾರ, ಭಾರತದಲ್ಲಿ 15 ವರ್ಷ ಮತ್ತು ಮೇಲ್ಪಟ್ಟವರಲ್ಲಿ ಶೇ. 28.6ರಷ್ಟು ಮಂದಿ ಒಂದಲ್ಲ ಒಂದು ಬಗೆಯ ತಂಬಾಕು ಬಳಸುತ್ತಿದ್ದರು. ಧೂಮಪಾನ ಮಾಡುವವರು ಶೇ. 10.7ರಷ್ಟಿದ್ದರೆ ಜಗಿಯುವ, ಮೂಸುವ, ಹಲ್ಲಿಗೆ ಉಜ್ಜುವ ಹೊಗೆರಹಿತ ತಂಬಾಕಿನ ಬಳಕೆದಾರರು ಶೇ. 21.4ರಷ್ಟಿದ್ದರು. ಕರ್ನಾಟಕದಲ್ಲಿ ಒಟ್ಟು ಬಳಕೆದಾರರು ಶೇ. 22.8, ಧೂಮಪಾನಿಗಳು ಶೇ. 8.8, ಹೊಗೆರಹಿತ ತಂಬಾಕು ಬಳಸುವವರು ಶೇ. 16.3. ಎರಡನ್ನೂ ಬಳಸುವವರು ಇರುವುದರಿಂದ ಈ ಬಿಡಿ ಅಂಕಿಗಳ ಮೊತ್ತ ಒಟ್ಟು ಅಂಕಿಗಿಂತ ಹೆಚ್ಚಾಗುತ್ತದೆ. ದೇಶದ ಮಹಿಳೆಯರಲ್ಲಿ ಧೂಮಪಾನ ಮಾಡುವವರು ಶೇ. 2ರಷ್ಟು ಮಾತ್ರ, ಹೊಗೆರಹಿತ ತಂಬಾಕು ಬಳಸುವವರು ಶೇ. 12.8. ಧೂಮಪಾನದಲ್ಲಿಯೂ ಸಿಗರೇಟಿಗಿಂತ ಬೀಡಿಯದೇ ಮೇಲುಗೈ.

ಇಷ್ಟಾದರೂ ವ್ಯಸನಮುಕ್ತಿ ಎಂದೊಡನೆ ಮನಸ್ಸಿಗೆ ಬರುವ ಚಿತ್ರ ಸಿಗರೇಟು ಹಿಡಿದ ಪಟ್ಟಣದ ಪುರುಷನದು. ಭಿತ್ತಿಪತ್ರದಲ್ಲಿ ಸಿಗರೇಟು, ಗೋಡೆಬರಹದಲ್ಲಿ ಸಿಗರೇಟು, ಹೊರರೋಗಿ ವಿಭಾಗದಲ್ಲಿ ಕೇಳುವ ಪ್ರಶ್ನೆಯೂ "ಬೀಡಿ, ಸಿಗರೇಟು ಸೇದುವ ಅಭ್ಯಾಸ ಇದೆಯೇ?" ಎಂಬುದು. ಎಲೆಅಡಿಕೆಯೊಂದಿಗೆ ಹೊಗೆಸೊಪ್ಪು ಅಥವಾ ಕಡ್ಡಿಪುಡಿ ಹಾಕಿಕೊಳ್ಳುವ, ನಶ್ಯ ಏರಿಸುವ, ಮಿಶ್ರಿಯಿಂದ ಹಲ್ಲುಜ್ಜುವ ಮಹಿಳೆ ಈ ಪ್ರಶ್ನೆಗೆ "ಇಲ್ಲ" ಎನ್ನುತ್ತಾಳೆ. ಅವಳು ಸುಳ್ಳು ಹೇಳಿದಂತಲ್ಲ. ಅವಳ ಪಾಲಿಗೆ ಅದು ಊಟದ ನಂತರದ ಎಲೆಅಡಿಕೆ. ಮನೆಗೆ ಬಂದವರಿಗೆ ತಟ್ಟೆಯಲ್ಲಿಟ್ಟು ಕೊಡುವ ಮರ್ಯಾದೆ. ದುಶ್ಚಟವೆಂಬ ಹೆಸರು ಅದಕ್ಕಿಲ್ಲ. ಪ್ರಶ್ನೆ ತಪ್ಪಾದಾಗ ಉತ್ತರವೂ ದಾಖಲೆಯಿಂದ ಜಾರಿಹೋಗುತ್ತದೆ.

ಅಸಾಂಕ್ರಾಮಿಕ ರೋಗಗಳ ತಪಾಸಣೆಗಾಗಿ ಆಶಾ ಕಾರ್ಯಕರ್ತೆಯರು 30 ವರ್ಷ ಮತ್ತು ಮೇಲ್ಪಟ್ಟವರಿಗೆ ಭರ್ತಿ ಮಾಡುವ ಸಮುದಾಯ ಆಧಾರಿತ ಮೌಲ್ಯಮಾಪನ ನಮೂನೆಯಲ್ಲಿ ಈ ದೋಷ ಒಂದಿಷ್ಟು ನಿವಾರಣೆಯಾಗಿದೆ. ಅಲ್ಲಿ ಧೂಮಪಾನದ ಜೊತೆಗೇ ಗುಟ್ಕಾ, ಖೈನಿಯಂತಹ ಹೊಗೆರಹಿತ ಪದಾರ್ಥಗಳ ಬಗ್ಗೆಯೂ ಪ್ರಶ್ನೆ ಇದೆ. ಆದರೆ ಖೈನಿ ಎಂಬ ಹೆಸರು ರಾಜ್ಯದ ಎಲ್ಲೆಡೆ ಬಳಕೆಯಲ್ಲಿಲ್ಲ. ಆಯಾ ಊರಿನಲ್ಲಿ ಅದಕ್ಕೆ ಏನೆನ್ನುತ್ತಾರೋ ಆ ಹೆಸರಿನಿಂದಲೇ ಕೇಳಿದರೆ ಮಾತ್ರ ನಿಜವಾದ ಉತ್ತರ ದೊರೆಯುತ್ತದೆ. ಜೊತೆಗೆ, 30ರ ಗಡಿ ಇರುವುದರಿಂದ ಹದಿನೆಂಟರಿಂದ ಇಪ್ಪತ್ತೊಂಬತ್ತರ ಯುವಜನರು ಈ ನಮೂನೆಯ ಹೊರಗುಳಿಯುತ್ತಾರೆ. ಚಟ ಇನ್ನೂ ಗಟ್ಟಿಯಾಗದ, ಬಿಡಿಸುವುದು ಸುಲಭವಾದ ವಯಸ್ಸು ಅದೇ ಎಂಬುದನ್ನು ಗಮನಿಸಬೇಕು.

ಗರ್ಭಿಣಿಯರ ವಿಷಯದಲ್ಲಿ ಕೇಳದೆ ಬಿಟ್ಟ ಪ್ರಶ್ನೆಯ ಬೆಲೆ ಇನ್ನೂ ಹೆಚ್ಚು. ಗರ್ಭಾವಸ್ಥೆಯಲ್ಲಿ ತಂಬಾಕು ಜಗಿಯುವುದರಿಂದ ಕಡಿಮೆ ತೂಕದ ಶಿಶು, ಅವಧಿಪೂರ್ವ ಹೆರಿಗೆ, ಗರ್ಭದಲ್ಲೇ ಶಿಶುಮರಣದ ಸಂಭವ ಹೆಚ್ಚುತ್ತದೆ. ತಾಯಿ ಕಾರ್ಡ್ ನೀಡುವ ದಿನವೇ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಯು ಅತ್ತೆ, ಗಂಡ ಎದುರಿಗಿಲ್ಲದ ಸಮಯ ನೋಡಿ, ಗದರಿಕೆಯ ಧ್ವನಿಯಿಲ್ಲದೆ ಈ ವಿಚಾರ ಕೇಳುವುದು ಸೂಕ್ತ. ಗದರಿಸಿದರೆ ಮುಂದಿನ ತಪಾಸಣೆಗೆ ಆಕೆ ಬಂದರೂ ನಿಜ ಹೇಳಲಾರಳು. ಗರ್ಭಿಣಿಯರಿಗೆ ಆಪ್ತಸಮಾಲೋಚನೆಯೇ ಮೊದಲ ಚಿಕಿತ್ಸೆ. ಔಷಧಿಯ ಪ್ರಶ್ನೆ ಬಂದಲ್ಲಿ ಅದು ವೈದ್ಯರ ತೀರ್ಮಾನಕ್ಕೆ ಬಿಟ್ಟದ್ದು.

ಎರಡನೆಯ ಅಡ್ಡಿ ದೂರ ಮತ್ತು ಕೂಲಿ. ತಂಬಾಕು ಬಿಡುವವರಿಗೆ ಒಂದು ಭೇಟಿ ಸಾಲದು. ಮೊದಲ ಕೆಲವು ವಾರಗಳಲ್ಲಿ ಮತ್ತೆ ಮತ್ತೆ ಮಾತನಾಡಿಸಬೇಕಾಗುತ್ತದೆ. ಗಡಿಯಂಚಿನ ಹಳ್ಳಿಯಿಂದ ಜಿಲ್ಲಾ ಆಸ್ಪತ್ರೆಗೆ ಬಂದು ಹೋಗುವುದೆಂದರೆ ದಿನಗೂಲಿ ಮಾಡುವವನಿಗೆ ಒಂದು ದಿನದ ಕೂಲಿ ಹೋಯಿತೆಂದೇ ಅರ್ಥ. 2023ರ ಜೂನ್‌ನಲ್ಲಿ ಜಾರಿಯಾದ ಶಕ್ತಿ ಯೋಜನೆಯಿಂದ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಾಗಿದೆ ನಿಜ, ಆದರೆ ಅವರ ದಿನ ಉಚಿತವಾಗಿಲ್ಲ. ಕಬ್ಬು ಕಟಾವಿಗೆಂದು ಊರೂರು ತಿರುಗುವ ತಂಡಗಳು, ತೋಟದ ಲೈನುಗಳಲ್ಲಿ ವಾಸಿಸುವ ಕಾರ್ಮಿಕರು, ಕಾಡಂಚಿನ ಹಾಡಿಗಳ ನಿವಾಸಿಗಳು, ಕಟ್ಟಡ ಕೆಲಸಕ್ಕೆ ಬಂದ ವಲಸಿಗರು ಇವರಲ್ಲಿ ಹಸಿವು, ಆಯಾಸ ಮರೆಯಲು ತಂಬಾಕು ಹಾಕಿಕೊಳ್ಳುವವರು ಉಂಟು. ಮುಂದಿನ ಭೇಟಿಯ ದಿನಾಂಕ ಬರುವಷ್ಟರಲ್ಲಿ ಕಟಾವಿನ ತಂಡ ಬೇರೆ ತಾಲ್ಲೂಕಿನಲ್ಲಿರುತ್ತದೆ. ಇಂಥವರಿಗೆ ಸೇವೆ ಸಿಗಬೇಕಾದರೆ ಅದು ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿಯ ಮೇಜಿಗೆ ಇಳಿಯಬೇಕು. ಸಂಜೆಯ ಹೊತ್ತಿಗೂ ದೊರೆಯಬೇಕು.

ದೂರದ ಅಡ್ಡಿಗೆ ದೂರವಾಣಿಯೇ ಪರಿಹಾರವೆಂಬ ಮಾತಿದೆ. 1800-11-2356 ಉಚಿತ ಸಹಾಯವಾಣಿಯು 2016ರಲ್ಲಿ ದೆಹಲಿಯಲ್ಲಿ ಆರಂಭವಾಗಿ, 2018ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸೇರಿದ ಮೇಲೆ ಕನ್ನಡವೂ ಸೇರಿದಂತೆ ದಕ್ಷಿಣದ ಭಾಷೆಗಳಲ್ಲಿ ಲಭ್ಯವಾಯಿತು. ಇದು ದೊಡ್ಡ ಅನುಕೂಲ. 2018ರ ಸೆಪ್ಟೆಂಬರ್ 1ರಿಂದ ಈ ಸಂಖ್ಯೆಯನ್ನು ತಂಬಾಕಿನ ಪೊಟ್ಟಣಗಳ ಮೇಲೆ ಮುದ್ರಿಸಲಾಗುತ್ತಿದೆ. ಆದರೆ ಸಂತೆಯಲ್ಲಿ ಎಲೆಯ ಲೆಕ್ಕದಲ್ಲಿ ಕೊಳ್ಳುವ ಹೊಗೆಸೊಪ್ಪಿಗೆ ಪೊಟ್ಟಣವೆಲ್ಲಿ? ಬಿಡಿಯಾಗಿ ಮಾರುವುದಕ್ಕೆ ರಾಜ್ಯದಲ್ಲಿ ನಿಷೇಧವಿದ್ದರೂ ಗೂಡಂಗಡಿಯಲ್ಲಿ ಒಂದೊಂದಾಗಿ ಕೊಂಡ ಬೀಡಿಯ ಮೇಲೂ ಎಚ್ಚರಿಕೆಯ ಚಿತ್ರವಿಲ್ಲ, ಸಂಖ್ಯೆಯಿಲ್ಲ. ಅತಿ ಬಡವರು ಕೊಳ್ಳುವ ರೂಪದಲ್ಲೇ ಮಾಹಿತಿ ಇಲ್ಲದಿರುವುದು ಕಣ್ಣಿಗೆ ಬೀಳದ ಅಸಮಾನತೆ. ಓದಲು ಬಾರದವರು, ಮನೆಯ ಒಂದೇ ಮೊಬೈಲು ಗಂಡನ ಜೇಬಿನಲ್ಲಿರುವ ಮಹಿಳೆಯರು, ಕಿವಿ ಕೇಳಿಸದವರು, ಲಂಬಾಣಿ, ತುಳು, ಉರ್ದು ಮಾತನಾಡುವವರು ಇವರಿಗೆ ದೂರವಾಣಿಯು ಮುಖಾಮುಖಿ ಮಾತಿಗೆ ಬದಲಿಯಾಗಲಾರದು.

ಔಷಧಿಯಲ್ಲಿಯೂ ಇದೇ ಪ್ರಶ್ನೆ. ನಿಕೋಟಿನ್ ಬದಲಿ ಚಿಕಿತ್ಸೆಯನ್ನು 2022ರ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಲಾಗಿದೆ. ಸಾಮಾನ್ಯವಾಗಿ ಕೊಡುವುದು ನಿಕೋಟಿನ್ ಗಮ್. ಇದನ್ನು ಮಿಠಾಯಿಯಂತೆ ಜಗಿಯುತ್ತಲೇ ಇರುವಂತಿಲ್ಲ. ನಿಧಾನವಾಗಿ ಕೆಲವು ಬಾರಿ ಜಗಿದು, ಬಾಯಲ್ಲಿ ಚುರುಚುರು ಎನಿಸಿದಾಗ ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಂಡು, ರುಚಿ ಇಳಿದ ಮೇಲೆ ಮತ್ತೆ ಜಗಿಯಬೇಕು. ಅದಕ್ಕೆ ಮುಂಚಿನ 15 ನಿಮಿಷ ಹಾಗೂ ಅದು ಬಾಯಲ್ಲಿರುವಾಗ ಕಾಫಿ ಮುಂತಾದ ಪಾನೀಯ ಸೇವಿಸಿದರೆ ನಿಕೋಟಿನ್ ಸರಿಯಾಗಿ ಹೀರಲ್ಪಡುವುದಿಲ್ಲ. ಇದನ್ನು ಹೇಳಿಕೊಡದೆ ಪಟ್ಟಿಯನ್ನಷ್ಟೇ ಕೈಗಿತ್ತರೆ ವ್ಯಕ್ತಿ ಎರಡು ದಿನದಲ್ಲಿ "ಇದರಿಂದ ಏನೂ ಆಗದು" ಎಂದು ಬಿಟ್ಟುಬಿಡುತ್ತಾನೆ. ಇನ್ನು, ಹಲ್ಲಿಲ್ಲದ ವೃದ್ಧರಿಗೆ ಈ ಗಮ್ ಹೇಗೆ ಉಪಯೋಗಕ್ಕೆ ಬರಬೇಕು? ವರ್ಷಾನುಗಟ್ಟಲೆ ಅಡಿಕೆ, ಗುಟ್ಕಾ ಜಗಿದು ಬಾಯಿಯ ಒಳಪೊರೆ ಬಿಗಿದು, ಎರಡು ಬೆರಳು ಒಳಹೋಗುವಷ್ಟೂ ಬಾಯಿ ತೆರೆಯಲಾಗದ ಸಬ್‌ಮ್ಯೂಕಸ್ ಫೈಬ್ರೋಸಿಸ್ ರೋಗಿಗಳಿಗೆ? ಇವರಿಗೆ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿಯಂತಹ ಬೇರೆ ರೂಪ ಬೇಕಾಗುತ್ತದೆ. ಬಾಯಿಗೆ ಹೆಚ್ಚು ಹಾನಿ ಮಾಡಿಕೊಂಡವರಿಗೇ ನಿಲುಕದ ಔಷಧಿಯೊಂದನ್ನು ಮಾತ್ರ ದಾಸ್ತಾನಿನಲ್ಲಿಟ್ಟು ಸೇವೆ ಎಲ್ಲರಿಗೂ ಒಂದೇ ಎನ್ನುವುದು ಸರಿಯಾಗದು.

ಇಲ್ಲಿಯೇ ಪದೇ ಪದೇ ಕೇಳಿಬರುವ ಇನ್ನೊಂದು ಪ್ರಶ್ನೆಗೆ ಉತ್ತರಿಸಬಹುದು: ವಿದೇಶಗಳಲ್ಲಿ ಸಿಗರೇಟು ಬಿಡಿಸಲು ವೇಪ್ ಅಥವಾ ಇ-ಸಿಗರೇಟು ಕೊಡುತ್ತಾರಲ್ಲ, ಇಲ್ಲೇಕೆ ಇಲ್ಲ? ಕರ್ನಾಟಕದಲ್ಲಿ ಇದರ ಮಾರಾಟಕ್ಕೆ 2016ರಲ್ಲಿಯೇ ತಡೆ ಬಿದ್ದಿತ್ತು. 2019ರ ಕೇಂದ್ರ ಕಾಯ್ದೆಯು ಇ-ಸಿಗರೇಟಿನ ಉತ್ಪಾದನೆ, ಆಮದು, ಮಾರಾಟ, ವಿತರಣೆ, ಸಂಗ್ರಹ, ಜಾಹೀರಾತುಗಳನ್ನು ದೇಶದಾದ್ಯಂತ ನಿಷೇಧಿಸಿದೆ. ಮಾರಾಟ, ವಿತರಣೆಯಂತಹ ಕೃತ್ಯಗಳಿಗೆ ಮೊದಲ ಅಪರಾಧವಾದರೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಆದ್ದರಿಂದ ಯಾವುದೇ ಆರೋಗ್ಯ ಕೇಂದ್ರ ಇದನ್ನು ಉಚಿತವಾಗಿಯೂ ನೀಡುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೊರಡಿಸಿದ ಚಿಕಿತ್ಸಾ ಮಾರ್ಗಸೂಚಿಯು ಶಿಫಾರಸು ಮಾಡುವ ಔಷಧಿಗಳಲ್ಲಿಯೂ ಇ-ಸಿಗರೇಟು ಇಲ್ಲ.

ಇಂಗ್ಲೆಂಡಿನ ದಾರಿ ಬೇರೆ. ಅಲ್ಲಿನ ಸರ್ಕಾರ 2023ರ ಏಪ್ರಿಲ್‌ನಲ್ಲಿ ಹತ್ತು ಲಕ್ಷ ಧೂಮಪಾನಿಗಳಿಗೆ ಸ್ಥಳೀಯ ಸೇವೆಗಳ ಮೂಲಕ ಆಪ್ತಸಮಾಲೋಚನೆಯೊಂದಿಗೆ ವೇಪ್ ಕಿಟ್ ನೀಡುವುದಾಗಿ ಪ್ರಕಟಿಸಿತು. ಆ ಸಾಧನ ಇಲ್ಲಿಗೆ ಹೊಂದದಿದ್ದರೂ ಅದನ್ನು ಕೊಡುವಾಗ ಅಲ್ಲಿನ ಸ್ಥಳೀಯ ಸಂಸ್ಥೆಗಳು ಕೇಳಿಕೊಳ್ಳಬೇಕಾದ ಪ್ರಶ್ನೆ ಇಲ್ಲಿಗೂ ಹೊಂದುತ್ತದೆ. ಅಲ್ಲಿನ 2010ರ ಸಮಾನತಾ ಕಾಯ್ದೆಯ 149ನೇ ಪ್ರಕರಣದಂತೆ, ವಯಸ್ಸು, ಅಂಗವೈಕಲ್ಯ, ಗರ್ಭಾವಸ್ಥೆ, ಜನಾಂಗ, ಧರ್ಮ, ಲಿಂಗ ಮುಂತಾದ ಕಾರಣಗಳಿಂದ ಯಾರಿಗಾದರೂ ಅನನುಕೂಲ ಉಂಟಾಗುವುದೇ ಎಂಬುದನ್ನು ಸಾರ್ವಜನಿಕ ಸಂಸ್ಥೆಗಳು ತೀರ್ಮಾನಕ್ಕೆ ಮೊದಲೇ ಪರಿಗಣಿಸಬೇಕು. ಸಂಧಿವಾತದಿಂದ ಬೆರಳು ಸೆಟೆದವರು ಆ ಉಪಕರಣಕ್ಕೆ ದ್ರವ ತುಂಬಬಲ್ಲರೇ? ಮನೆಯಿಲ್ಲದೆ ಬೀದಿಯಲ್ಲಿ ಮಲಗುವವರು ಅದನ್ನು ಎಲ್ಲಿ ಚಾರ್ಜ್ ಮಾಡಬೇಕು? ಮುಖ್ಯವಾಗಿ, ಸೇದದೆ ಜಗಿಯುವವರಿಗೆ ಇದರಿಂದ ಏನು ಲಾಭ? ಭಾರತ ಉಪಖಂಡದ ಮೂಲದವರು ಅಲ್ಲಿಯೂ ಎಲೆಅಡಿಕೆ, ಗುಟ್ಕಾಗಳನ್ನು ಜೊತೆಗೆ ಒಯ್ದಿದ್ದಾರೆ. ಇವರಿಗಾಗಿ ಹೊಗೆರಹಿತ ತಂಬಾಕು ಬಿಡಿಸುವ ಪ್ರತ್ಯೇಕ ಮಾರ್ಗಸೂಚಿಯನ್ನು ಅಲ್ಲಿನ ರಾಷ್ಟ್ರೀಯ ಸಂಸ್ಥೆ 2012ರಲ್ಲಿಯೇ ಹೊರಡಿಸಬೇಕಾಯಿತು. ಅಲ್ಲಿ ಅಲ್ಪಸಂಖ್ಯಾತರ ಪ್ರಶ್ನೆಯಾಗಿರುವುದು ಇಲ್ಲಿ ಬಹುಸಂಖ್ಯಾತ ಬಳಕೆದಾರರ ಪ್ರಶ್ನೆ.

ಭಾರತದಲ್ಲಿ ಈ ಹೊಣೆ ಹಲವು ಕಡೆ ಹಂಚಿಕೊಂಡಿದೆ. ಸಂವಿಧಾನದ 14 ಮತ್ತು 15ನೇ ಅನುಚ್ಛೇದಗಳು, ಸಾರ್ವಜನಿಕ ಆರೋಗ್ಯವನ್ನು ಉತ್ತಮಪಡಿಸುವುದು ರಾಜ್ಯದ ಪ್ರಾಥಮಿಕ ಕರ್ತವ್ಯವೆನ್ನುವ 47ನೇ ಅನುಚ್ಛೇದ, 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ, 2019ರ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಕಾಯ್ದೆ ಇವೆಲ್ಲವೂ ತಂಬಾಕು ಬಿಡಿಸುವ ಸೇವೆಗೂ ಅನ್ವಯಿಸುತ್ತವೆ.

ಮಾನಸಿಕ ಕಾಯಿಲೆಯವರ ವಿಷಯವನ್ನು ವಿಶೇಷವಾಗಿ ಹೇಳಬೇಕಾಗಿದೆ. "ಪಾಪ, ಅವರಿಗಿರುವ ಒಂದೇ ಸಮಾಧಾನ ಬೀಡಿ, ಅದನ್ನೂ ಏಕೆ ಕಿತ್ತುಕೊಳ್ಳುವುದು" ಎಂಬ ಕನಿಕರದ ಮಾತಿನಿಂದ ಅವರಿಗೆ ನೆರವೇ ತಪ್ಪುತ್ತದೆ. ಕನಿಕರವೂ ಒಂದು ಬಗೆಯ ತಾರತಮ್ಯವಾಗಬಲ್ಲದು. ಆದರೆ ಇಲ್ಲಿ ಎಚ್ಚರಿಕೆಯೂ ಬೇಕು. ತಂಬಾಕಿನ ಹೊಗೆಯು ಕ್ಲೋಜಪಿನ್, ಒಲಾಂಜಪಿನ್ ಮುಂತಾದ ಔಷಧಿಗಳನ್ನು ದೇಹ ಬೇಗನೆ ಕರಗಿಸುವಂತೆ ಮಾಡುತ್ತದೆ. ಧೂಮಪಾನ ನಿಲ್ಲಿಸಿದೊಡನೆ ರಕ್ತದಲ್ಲಿ ಅವುಗಳ ಪ್ರಮಾಣ ಏರುತ್ತದೆ. ಆದ್ದರಿಂದ ಚಿಕಿತ್ಸೆ ನೀಡುತ್ತಿರುವ ಮನೋವೈದ್ಯರಿಗೆ ತಿಳಿಸಿ, ಔಷಧಿಯ ಪ್ರಮಾಣ ಸರಿಪಡಿಸಿಕೊಂಡೇ ಮುಂದುವರಿಯಬೇಕು. ಕ್ಷಯರೋಗಿಗಳಿಗೂ ಮದ್ಯವ್ಯಸನದ ಚಿಕಿತ್ಸೆ ಪಡೆಯುತ್ತಿರುವವರಿಗೂ ಆಯಾ ಚಿಕಿತ್ಸೆಯ ಸ್ಥಳದಲ್ಲಿಯೇ ಈ ನೆರವು ದೊರೆತರೆ ಇನ್ನೊಂದು ಬಾಗಿಲಿಗೆ ಅಲೆಯುವುದು ತಪ್ಪುತ್ತದೆ.

ತಂಬಾಕನ್ನೇ ನಂಬಿ ಬದುಕುವವರೂ ರಾಜ್ಯದಲ್ಲಿದ್ದಾರೆ. ದಕ್ಷಿಣ ಕನ್ನಡ, ಉಡುಪಿಯ ಮನೆಗಳಲ್ಲಿ ಬೀಡಿ ಕಟ್ಟುವ ಮಹಿಳೆಯರು, ಹುಣಸೂರು, ಪಿರಿಯಾಪಟ್ಟಣ ಭಾಗದ ತಂಬಾಕು ಬೆಳೆಗಾರರು ಆರೋಗ್ಯ ಸಿಬ್ಬಂದಿಯನ್ನು ಜೀವನೋಪಾಯಕ್ಕೆ ಕುತ್ತು ತರುವವರೆಂದು ಶಂಕಿಸುವುದು ಸಹಜ. ವ್ಯಸನಮುಕ್ತಿಯ ಮಾತನ್ನು ಉದ್ಯೋಗದ ಮಾತಿನಿಂದ ಬೇರ್ಪಡಿಸಿ ಹೇಳುವುದು ಅವಶ್ಯ. ಬೀಡಿ ಕಟ್ಟುವವರಿಗೆ ತಾವು ಸೇದದಿದ್ದರೂ ಪುಡಿ, ಎಲೆಗಳ ಸಂಪರ್ಕದಿಂದ ತೊಂದರೆ ಉಂಟಾಗುತ್ತದೆ. ಕೆಮ್ಮು, ಬೆನ್ನುನೋವುಗಳ ವಿಚಾರಣೆಯಿಂದ ಮಾತು ಆರಂಭಿಸಿದರೆ ನಂಬಿಕೆ ಬೆಳೆಯುತ್ತದೆ.

ಇವೆಲ್ಲವೂ ಸಾಧ್ಯವಾಗಿದೆಯೇ ಎಂಬುದು ತಿಳಿಯುವುದು ನೋಂದಣಿ ಪುಸ್ತಕದಿಂದ. ಒಟ್ಟು ಎಷ್ಟು ಜನ ಬಂದರು ಎಂಬ ಒಂದೇ ಸಂಖ್ಯೆಯಿಂದ ಏನೂ ಗೊತ್ತಾಗದು. ಪುರುಷ, ಮಹಿಳೆ, ಲಿಂಗತ್ವ ಅಲ್ಪಸಂಖ್ಯಾತರು, ವಯಸ್ಸು, ಅಂಗವೈಕಲ್ಯ, ಬಳಸುವ ತಂಬಾಕಿನ ರೂಪ, ಊರು ಇವುಗಳನ್ನು ಬೇರೆ ಬೇರೆಯಾಗಿ ಬರೆದು, ಪ್ರದೇಶದ ಬಳಕೆದಾರರ ಅಂದಾಜಿನೊಂದಿಗೆ ಹೋಲಿಸಬೇಕು. ಜಗಿಯುವವರೇ ಹೆಚ್ಚಿರುವ ತಾಲ್ಲೂಕಿನ ಪುಸ್ತಕದಲ್ಲಿ ಸೇದುವವರ ಹೆಸರೇ ತುಂಬಿದ್ದರೆ, ಅಥವಾ ಮಹಿಳೆಯರ ಸಾಲು ಖಾಲಿ ಇದ್ದರೆ, ಅದನ್ನು ತಾಲ್ಲೂಕಿನ ಪರಿಶೀಲನಾ ಸಭೆಯಲ್ಲಿಯೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿಯೂ ಚರ್ಚೆಗೆ ತರಬೇಕು. ಮೊದಲ ಭೇಟಿಯ ನಂತರ ಬಾರದವರ ಹೆಸರಿನ ಮುಂದೆ "ಗೈರು" ಎಂದು ಬರೆದು ಬಿಡುವ ಬದಲು, ಬಾರದ ಕಾರಣವನ್ನು ಆಶಾ ಕಾರ್ಯಕರ್ತೆಯ ಮೂಲಕ ಕೇಳಿ ಬರೆಯಲು ಅದೇ ಪುಸ್ತಕದಲ್ಲಿ ಒಂದು ಅಂಕಣ ತೆರೆಯಬಹುದು.