ಬಾನೆಸ್‌ನ ರಾತ್ರಿ ಶಾಲೆ

ಪೂರ್ವ ಕ್ಯೂಬಾದ ಓಲ್ಗೀನ್ ಪ್ರಾಂತ್ಯದಲ್ಲಿರುವ ಬಾನೆಸ್ ಕಬ್ಬಿನಿಂದ ಬೆಳೆದ ಊರು. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಯುನೈಟೆಡ್ ಫ್ರೂಟ್ ಕಂಪನಿ ಇಲ್ಲಿ ಬೇರುಬಿಟ್ಟಿತು. ಕಂಪನಿಯ ಅಮೆರಿಕನ್ನರಿಗೆ ಒಂದು ಬಡಾವಣೆ, ಕ್ಯೂಬನ್ನರಿಗೆ ಇನ್ನೊಂದು. ಇಂಥ ಊರಿನಲ್ಲಿ ಕೂಲಿಕಾರರ ಮಕ್ಕಳು ಓದಿದ್ದೆಲ್ಲಿ?

1900ರಲ್ಲಿ ಕ್ವೇಕರ್ ಮಿಷನರಿಗಳು ಸಮೀಪದ ಗಿಬಾರಾ ಬಂದರಿಗೆ ಬಂದಿಳಿದರು. ಮುಂದೆ ಬಾನೆಸ್‌ನಲ್ಲೂ ಅವರ ‘ಲೋಸ್ ಅಮಿಗೋಸ್’ ಶಾಲೆ ಶುರುವಾಯಿತು. ಅದರ ರಾತ್ರಿ ತರಗತಿಗೆ ಬರುತ್ತಿದ್ದ ಹುಡುಗನೊಬ್ಬನ ಕಥೆಯೇ ನನ್ನನ್ನು ಈ ಊರಿನತ್ತ ಎಳೆದದ್ದು. 1901ರಲ್ಲಿ ಹುಟ್ಟಿದವನು, ಕಬ್ಬಿನ ಗದ್ದೆಯ ಕೂಲಿಯ ಮಗ. ಹಗಲೆಲ್ಲ ದುಡಿತ, ಕತ್ತಲಾದ ಮೇಲೆ ಪಾಠ. 1921ರಲ್ಲಿ ಸೈನ್ಯಕ್ಕೆ ಸೇರಿ, ಶೀಘ್ರಲಿಪಿ ಬಲ್ಲ ಸಾರ್ಜೆಂಟ್ ಆದ. 1933ರ ಸಾರ್ಜೆಂಟರ ದಂಗೆಯಲ್ಲಿ ಮುಂದಾಳಾಗಿ ಇಡೀ ಸೇನೆಯನ್ನೇ ಕೈವಶ ಮಾಡಿಕೊಂಡ. ಅವನೇ ಫುಲ್ಹೆನ್ಸಿಯೊ ಬಟಿಸ್ಟಾ.

ಅವನ ಸರ್ವಾಧಿಕಾರ, ಹಿಂಸೆ, 1959ರ ಜನವರಿ 1ರಂದು ದೇಶ ಬಿಟ್ಟು ಓಡಿದ್ದು ಎಲ್ಲರಿಗೂ ಗೊತ್ತು. ಅದನ್ನು ಮನ್ನಿಸಬೇಕೆಂದು ನಾನು ಹೇಳುವುದಿಲ್ಲ. ಆದರೆ 1936ರಲ್ಲಿ ಶಾಲೆಯೇ ಇಲ್ಲದ ಹಳ್ಳಿಗಳಿಗೆ ಸಾರ್ಜೆಂಟರನ್ನೇ ಮೇಷ್ಟರನ್ನಾಗಿ ಕಳಿಸಿದವನೂ ಅವನೇ. ಹಳ್ಳಿಗಳ ಮೇಲೆ ಸೈನ್ಯದ ಹಿಡಿತ ಬಿಗಿಯಾಗಲಿ ಎಂಬ ಲೆಕ್ಕಾಚಾರ ಅದರಲ್ಲಿತ್ತು, ನಿಜ. ರಾತ್ರಿ ಶಾಲೆಯ ಋಣವೂ ಇತ್ತೆಂದೇ ನನ್ನ ನಂಬಿಕೆ.

ಅವನನ್ನು ಉರುಳಿಸಿದ ಫಿಡೆಲ್ ಕ್ಯಾಸ್ಟ್ರೊ ಮೊದಲ ಮದುವೆಯಾದದ್ದೂ ಇದೇ ಬಾನೆಸ್‌ನಲ್ಲಿ, 1948ರಲ್ಲಿ. ಕ್ರಾಂತಿಯ ಸರ್ಕಾರ 1961ರ ಜೂನ್‌ನಲ್ಲಿ ಖಾಸಗಿ ಶಾಲೆಗಳನ್ನೆಲ್ಲ ರಾಷ್ಟ್ರೀಕರಿಸಿತು. ಕ್ವೇಕರರ ಶಾಲೆಗಳ ಕಾಲ ಅಲ್ಲಿಗೆ ಮುಗಿಯಿತು. ಅದೇ ವರ್ಷ ದೇಶದಾದ್ಯಂತ ಸುಮಾರು ಒಂದು ಲಕ್ಷ ವಿದ್ಯಾರ್ಥಿಗಳು ಲಾಟೀನು, ಪಾಠಪುಸ್ತಕ, ಮಲಗಲು ಜೋಲಿ ಹಿಡಿದು ಹಳ್ಳಿಗಳಿಗೆ ಹೊರಟರು. ಹಗಲು ರೈತರ ಜೊತೆ ಗದ್ದೆಯಲ್ಲಿ ಕೆಲಸ, ರಾತ್ರಿ ಲಾಟೀನಿನ ಬೆಳಕಲ್ಲಿ ಅಕ್ಷರಾಭ್ಯಾಸ. ವರ್ಷದ ಕೊನೆಗೆ ಏಳು ಲಕ್ಷಕ್ಕೂ ಹೆಚ್ಚು ಮಂದಿ ಓದು ಬರಹ ಕಲಿತಿದ್ದರೆಂದು ಸರ್ಕಾರ ಸಾರಿತು. ದುಡಿಯುವವರ ಬಿಡುವಿಗೆ ಹೊಂದಿಕೊಂಡ ಪಾಠಕ್ರಮ ಹೀಗೆ ದೇಶದ ಕೆಲಸವಾಯಿತು. ಅದನ್ನು ಮೊದಲೇ ನಡೆಸಿ ತೋರಿಸಿದ್ದ ಸಣ್ಣ ಶಾಲೆ ಮಾತ್ರ ಬಟಿಸ್ಟಾನ ಚರಿತ್ರೆಯಲ್ಲಿ ಒಂದು ಸಾಲಾಗಿ ಉಳಿದಿದೆ. ಇದು ಅನ್ಯಾಯ.

ಕ್ಯೂಬಾಕ್ಕೆ ಹೋಗುವ ಪ್ರವಾಸಿಗರು ಗುವಾರ್ಡಲವಾಕಾ ಕಡಲತೀರಕ್ಕೆ ಮುಗಿಬೀಳುತ್ತಾರೆ. ಅದು ಬಾನೆಸ್ ಆಡಳಿತಕ್ಕೇ ಸೇರಿದ ಜಾಗ. ಅಲ್ಲಿಗೆ ಹೋದವರು ಅರ್ಧ ದಿನ ಬಿಡುವು ಮಾಡಿಕೊಂಡು ಊರೊಳಗೂ ಹೋಗಿ ಬನ್ನಿ.