ಎತ್ತರ ಬಿಟ್ಟು ದೂರ ಹಿಡಿಯುವ ಜಿಗಿತ: ಮಾರಿಯೋನ ಲಾಂಗ್ ಜಂಪ್

ಅಕ್ಕನ ಮಗಳು ಒಂದೇ ಕಂದಕಕ್ಕೆ ಆರನೇ ಸಲ ಬಿದ್ದಳು. ‘ಎಷ್ಟು ಮೇಲಕ್ಕೆ ಹಾರಿಸಿದ್ರೂ ಆ ಕಡೆ ಮುಟ್ಟೋದೇ ಇಲ್ಲ ಮಾಮ’ ಎನ್ನುತ್ತಾ ಕಂಟ್ರೋಲರನ್ನು ನನ್ನ ಕೈಗಿಟ್ಟಳು. ಅವಳು ಆಡುತ್ತಿದ್ದುದು ‘ಸೂಪರ್ ಮಾರಿಯೋ 64’. ನಿಂಟೆಂಡೊ 2020ರಲ್ಲಿ ತನ್ನ ಸ್ವಿಚ್ ಯಂತ್ರಕ್ಕಾಗಿ ತಂದ ‘ಸೂಪರ್ ಮಾರಿಯೋ 3ಡಿ ಆಲ್-ಸ್ಟಾರ್ಸ್’ ಸಂಗ್ರಹದಲ್ಲಿ ಇದೂ ಇದೆ. ತಪ್ಪು ಎಲ್ಲಿದೆಯೆಂದು ಅವಳ ಮಾತೇ ಹೇಳುತ್ತಿತ್ತು. ಅವಳು ಮೇಲಕ್ಕೆ ಹಾರಿಸುತ್ತಿದ್ದಳು. ಬೇಕಿದ್ದುದು ಮುಂದಕ್ಕೆ.

1990ರ ದಶಕದಲ್ಲಿ ಟಿವಿಗೆ ವೈರು ಸಿಕ್ಕಿಸಿ, ಕ್ಯಾಸೆಟ್ ತುರುಕಿ ಮಾರಿಯೋ ಆಡಿದ ನಮ್ಮಲ್ಲಿ ಅನೇಕರಿಗೆ ಜಿಗಿತವೆಂದರೆ ಒಂದೇ ಬಟನ್. ಓಡಿ ಬಂದು ಒತ್ತಿದರೆ ದೂರ, ನಿಂತು ಒತ್ತಿದರೆ ಎತ್ತರ, ಅಷ್ಟೇ. ಅಲ್ಲಿ ಇದ್ದುದು ಎಡ ಮತ್ತು ಬಲ ಮಾತ್ರ. 1996ರ ಜೂನ್ 23ರಂದು ಜಪಾನಿನಲ್ಲಿ ನಿಂಟೆಂಡೊ 64 ಯಂತ್ರದ ಜೊತೆಗೇ ಬಂದ ಈ ಆಟದಲ್ಲಿ ಮಾರಿಯೋ ಮೊದಲ ಬಾರಿಗೆ ಮೂರು ಆಯಾಮದ ಬಯಲಿಗೆ ಇಳಿದ. ಪರದೆಯೊಳಗಿನ ಕಂದಕ ಎಷ್ಟು ಅಗಲವಿದೆಯೆಂದು ಕಣ್ಣಳತೆಯಲ್ಲಿ ಹೇಳುವುದು ಆಗ ಕಷ್ಟವಾಯಿತು. ಆಟವನ್ನು ರೂಪಿಸಿದ ಶಿಗೆರು ಮಿಯಾಮೊಟೊ ನೇತೃತ್ವದ ತಂಡ ಇದಕ್ಕಾಗಿ ಒಂದರ ಬದಲು ಒಂದು ಕಂತೆ ಜಿಗಿತಗಳನ್ನೇ ಕೊಟ್ಟಿತು. ಮೂರು ಸಲ ತಾಳ ಹಿಡಿದು ಹಾರುವ ಟ್ರಿಪಲ್ ಜಂಪ್, ಹಿಂದಕ್ಕೆ ಲಾಗ ಹಾಕುವ ಬ್ಯಾಕ್‌ಫ್ಲಿಪ್, ಗೋಡೆಯನ್ನು ಒದ್ದು ಏರುವ ವಾಲ್ ಕಿಕ್. ಇವೆಲ್ಲ ಎತ್ತರ ಏರಲು. ಅಗಲ ದಾಟಲೆಂದೇ ಮಾಡಿದ್ದು ಲಾಂಗ್ ಜಂಪ್.

ಮಾಡುವ ಕ್ರಮ ಹೀಗೆ. ಸ್ಟಿಕ್ಕನ್ನು ಪೂರ್ತಿ ಮುಂದಕ್ಕೆ ತಳ್ಳಿ ಮಾರಿಯೋನನ್ನು ಓಡಿಸಿ. ಓಟ ಜೋರಾದ ಮೇಲೆ ಜೆಡ್ ಒತ್ತಿ ಹಿಡಿಯಿರಿ. ಹಳೆಯ ಕಂಟ್ರೋಲರಿನಲ್ಲಿ ಅದು ನಡುವಿನ ಹಿಡಿಕೆಯ ಬೆನ್ನಿಗಿದೆ, ತೋರುಬೆರಳು ತಾನಾಗಿಯೇ ಅಲ್ಲಿ ಕೂರುತ್ತದೆ. ಸ್ವಿಚ್‌ನಲ್ಲಿ ಅದು ಜೆಡ್‌ಎಲ್. ಮಾರಿಯೋ ಓಡುತ್ತಿದ್ದ ರಭಸದಲ್ಲೇ ಕುಕ್ಕರಿಸಿ ನೆಲದ ಮೇಲೆ ಜಾರತೊಡಗುತ್ತಾನೆ. ಆಗ ತಕ್ಷಣ ಎ ಒತ್ತಬೇಕು. ‘ಯಾಹೂ’ ಎಂದು ಕೂಗಿ, ಕೈಕಾಲು ಚಾಚಿ ಹಾರುತ್ತಾನೆ. ಹೊಸಬರು ಎಡವುವುದು ಈ ಎರಡು ಬಟನ್‌ಗಳ ನಡುವೆಯೇ. ಎರಡನ್ನೂ ಒಟ್ಟಿಗೆ ಒತ್ತಲು ಹೋಗಿ ಎ ಮೊದಲು ತಾಗಿದರೆ ಲಾಂಗ್ ಜಂಪ್ ಆಗುವುದಿಲ್ಲ. ನಿಂತಲ್ಲೇ ಜೆಡ್ ಹಿಡಿದು ಎ ಒತ್ತಿದರೆ ಬ್ಯಾಕ್‌ಫ್ಲಿಪ್, ಅಂದರೆ ಕಂದಕದ ಅಂಚಿನಿಂದ ಹಿಂದಕ್ಕೆ. ಬೆರಳು ‘ಟಕ್-ಟಕ್’ ಎಂದು ಎರಡು ಪೆಟ್ಟು ಹಾಕಬೇಕು, ಜೆಡ್ ಮೊದಲು, ಎ ಆಮೇಲೆ.

ಒಳಗಿನ ಲೆಕ್ಕ ನನಗೆ ತುಂಬ ಇಷ್ಟ. ಆಟದ ಕಾರ್ಟ್ರಿಜ್‌ನಲ್ಲಿದ್ದ ಯಂತ್ರಭಾಷೆಯನ್ನು ಆಸಕ್ತರು ಸಾಲುಸಾಲಾಗಿ ಬಿಡಿಸಿ, ಮನುಷ್ಯರು ಓದಬಲ್ಲ ಪ್ರೋಗ್ರಾಂ ಆಗಿ 2019ರಲ್ಲಿ ಹೊರತಂದರು. ಹಾಗಾಗಿ ಪ್ರತಿ ಜಿಗಿತದ ಅಂಕಿಗಳೂ ಈಗ ಕಣ್ಣೆದುರಿಗಿವೆ. ಆಟ ಸೆಕೆಂಡಿಗೆ 30 ಫ್ರೇಮ್ ಓಡುತ್ತದೆ. ಮಾರಿಯೋನ ಎತ್ತರ 160 ಯೂನಿಟ್. ಸಮತಟ್ಟು ನೆಲದಲ್ಲಿ ಅವನ ಜೋರು ಓಟ ಫ್ರೇಮಿಗೆ 32 ಯೂನಿಟ್. ಆ ಓಟದಲ್ಲಿ ಮಾಮೂಲು ಜಿಗಿತ ಹಾಕಿದರೆ ಮೇಲ್ಮುಖ ವೇಗ 50ರಿಂದ ಶುರುವಾಗುತ್ತದೆ, ಗುರುತ್ವ ಪ್ರತಿ ಫ್ರೇಮಿಗೂ 4ರಂತೆ ಅದನ್ನು ಕಿತ್ತುಕೊಳ್ಳುತ್ತದೆ. ಮುಂದಿನ ವೇಗವೂ ನೆಲ ಬಿಡುವಾಗ ಐದನೇ ಒಂದು ಪಾಲು ಕುಗ್ಗುತ್ತದೆ. ಲೆಕ್ಕ ಹಾಕಿ ನೋಡಿದರೆ ಏರುವುದು ಸುಮಾರು 340 ಯೂನಿಟ್, ದಾಟುವ ದೂರ ಮಾತ್ರ ಲಾಂಗ್ ಜಂಪ್‌ಗಿಂತ ಬಹಳ ಕಡಿಮೆ.

ಲಾಂಗ್ ಜಂಪ್‌ನಲ್ಲಿ ಮೇಲ್ಮುಖ ವೇಗ ಬರೀ 30. ಮುಂದಿನ ವೇಗ ಮಾತ್ರ ಕುಗ್ಗುವ ಬದಲು ಒಂದೂವರೆ ಪಟ್ಟಾಗಿ, 32 ಇದ್ದದ್ದು 48ಕ್ಕೆ ಏರುತ್ತದೆ. ಜೊತೆಗೆ ಈ ಜಿಗಿತ ಮುಗಿಯುವ ತನಕ ಗುರುತ್ವವೇ ಅರ್ಧ, ಫ್ರೇಮಿಗೆ 2 ಮಾತ್ರ. ಹಾಗಾಗಿ ಮಾರಿಯೋ 240 ಯೂನಿಟ್‌ಗಿಂತ ಮೇಲೇರುವುದಿಲ್ಲ, ಆದರೆ ಒಂದು ಸೆಕೆಂಡ್ ಪೂರ್ತಿ ಗಾಳಿಯಲ್ಲಿ ತೇಲಿ 1,400 ಯೂನಿಟ್‌ಗೂ ಹೆಚ್ಚು ದೂರ ಹೋಗಿ ಇಳಿಯುತ್ತಾನೆ. ಅವನದೇ ಎತ್ತರದ ಒಂಬತ್ತು ಪಟ್ಟು. ಗುರುತ್ವವನ್ನು ಈ ಜಿಗಿತಕ್ಕಾಗಿ ಸಡಿಲಿಸಿದ್ದು ನನ್ನ ಪ್ರಕಾರ ಈ ಆಟದ ಅತ್ಯಂತ ಜಾಣ ನಿರ್ಧಾರ. ಆಡುವವನ ಗಮನಕ್ಕೆ ಅದು ಬರುವುದೇ ಇಲ್ಲ, ಮೈ ಹಗುರಾದಂತೆ ಮಾತ್ರ ಅನಿಸುತ್ತದೆ.

ಇದರಿಂದ ಆಟಕ್ಕೆ ಬೇಕಾದ ಬುದ್ಧಿಯೂ ಸಿಗುತ್ತದೆ. ಎದುರಿನ ಕಟ್ಟೆ ಮಾರಿಯೋಗಿಂತ ಬಹಳ ಎತ್ತರವಿದ್ದರೆ ಲಾಂಗ್ ಜಂಪ್ ಬೇಡ. ಕಟ್ಟೆಯ ಗೋಡೆಗೆ ಬಡಿದು ಹಿಂದಕ್ಕೆ ಬೀಳುತ್ತಾನೆ. ಬಡಿದ ಆ ಕ್ಷಣದಲ್ಲೇ ಎ ಒತ್ತಿದರೆ ವಾಲ್ ಕಿಕ್ ಆಗಿ ಬದುಕಿಕೊಳ್ಳಬಹುದು, ಅದಕ್ಕೆ ಕೈ ಪಳಗಿರಬೇಕು. ಸಮ ಎತ್ತರಕ್ಕೆ ಅಥವಾ ತಗ್ಗಿಗೆ ಹಾರುವಾಗ ಇದಕ್ಕಿಂತ ಒಳ್ಳೆಯದಿಲ್ಲ. ಹೊರಟ ಮೇಲೆ ದಿಕ್ಕು ಬದಲಿಸುವುದು ಅಷ್ಟರಲ್ಲೇ ಇರುವುದರಿಂದ ಜೆಡ್ ಒತ್ತುವ ಮೊದಲೇ ಗುರಿ ನೆಟ್ಟಗಿರಲಿ. ಹಾರುವಾಗ ಮಾರಿಯೋನನ್ನು ನೋಡಬೇಡಿ, ಅವನ ನೆರಳನ್ನು ನೋಡಿ. ಆ ದುಂಡು ನೆರಳು ಸದಾ ಅವನ ಕಾಲ ಕೆಳಗೇ ಬೀಳುತ್ತದೆ, ಎಲ್ಲಿ ಇಳಿಯುತ್ತಾನೆಂದು ಅದೇ ಹೇಳುತ್ತದೆ. ಅಭ್ಯಾಸಕ್ಕೆ ಆಟ ಶುರುವಾಗುವ ಜಾಗವೇ ಸಾಕು. ಕೋಟೆಯ ಮುಂದಿನ ಹುಲ್ಲುಹಾಸಿನಲ್ಲಿ ಶತ್ರುಗಳಿಲ್ಲ.

ಆಮೇಲಿನ ಮಾರಿಯೋ ಆಟಗಳ ಪೈಕಿ 2002ರ ‘ಸನ್‌ಶೈನ್’ ಈ ಜಿಗಿತವನ್ನು ಕೈಬಿಟ್ಟಿತ್ತು. ಅಲ್ಲಿ ಬೆನ್ನಿಗಿದ್ದ ನೀರಿನ ಪಂಪೇ ಮಾರಿಯೋನನ್ನು ತೇಲಿಸುತ್ತಿತ್ತು. 2007ರ ‘ಗ್ಯಾಲಕ್ಸಿ’ಯಲ್ಲಿ ಮರಳಿ ಬಂತು, 2017ರ ‘ಒಡಿಸ್ಸಿ’ಯಲ್ಲೂ ಇದೆ.

ಈ ಜಿಗಿತಕ್ಕೆ ಹಿಂಬದಿಯ ಕಥೆಯೊಂದಿದೆ. ಜೆಡ್ ಬಿಡದೆ ಹಿಡಿದು, ಇಳಿದ ಕೂಡಲೇ ಎ ಒತ್ತಿದರೆ ಮತ್ತೊಂದು ಲಾಂಗ್ ಜಂಪ್ ಆಗುತ್ತದೆ. ಪ್ರತಿ ಸಲವೂ ವೇಗ ಒಂದೂವರೆ ಪಟ್ಟಾಗುತ್ತಾ ಹೋದರೆ ಆಟ ಕೈಮೀರುತ್ತದೆಂದು ತಂಡಕ್ಕೆ ಗೊತ್ತಿತ್ತು. ಅದಕ್ಕೇ ‘48 ದಾಟಿದರೆ 48ಕ್ಕೆ ನಿಲ್ಲಿಸು’ ಎಂಬ ಸಾಲನ್ನು ಬರೆದರು. ಆದರೆ ಹಿಂದಕ್ಕೆ ಹೋಗುವ ವೇಗ ಆಟದ ಲೆಕ್ಕದಲ್ಲಿ ಋಣಸಂಖ್ಯೆ. ಋಣ 500 ಕೂಡ 48ಕ್ಕಿಂತ ಚಿಕ್ಕದೇ. ತಡೆ ಮುಂಬಾಗಿಲಿಗೆ ಮಾತ್ರ ಇತ್ತು, ಹಿಂಬಾಗಿಲು ತೆರೆದೇ ಇತ್ತು.

ಮೆಟ್ಟಿಲ ಮೇಲೆ ಲಾಂಗ್ ಜಂಪ್ ಹಾಕಿ, ಸ್ಟಿಕ್ಕನ್ನು ಹಿಂದಕ್ಕೆಳೆದು ಎ ಬಟನನ್ನು ಬಿಡದೆ ಬಡಿಯುತ್ತಿದ್ದರೆ ಮಾರಿಯೋ ಬೆನ್ನು ಮುಂದಾಗಿ ಮೆಟ್ಟಿಲೇರತೊಡಗುತ್ತಾನೆ. ಮೆಟ್ಟಿಲೇ ಯಾಕೆಂದರೆ, ಮೇಲಿನ ಮೆಟ್ಟಿಲು ಕಾಲಿಗೆ ತಕ್ಷಣ ಸಿಗುತ್ತದೆ. ಗಾಳಿಯಲ್ಲಿ ವೇಗ ಸೋರಿಹೋಗಲು ಸಮಯವಿಲ್ಲ. ಋಣ 10ರಿಂದ ಹೊರಟು, ನಡುವೆ ಏನೂ ಸೋರದಿದ್ದರೆ, ಹತ್ತು ಜಿಗಿತದಲ್ಲಿ ಋಣ 576 ದಾಟುತ್ತದೆ. ಆ ವೇಗದಲ್ಲಿ ಒಂದು ಫ್ರೇಮ್‌ನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಬಾಗಿಲುಗಳೇ ಹಿಂದುಳಿದುಬಿಡುತ್ತವೆ. ಆಟದಲ್ಲಿ ಗಳಿಸುತ್ತಾ ಹೋಗಬೇಕಾದ ನಕ್ಷತ್ರಗಳಲ್ಲಿ 70 ಕೂಡಿಸದವರನ್ನು ಮತ್ತೆ ಮತ್ತೆ ಕೆಳಗೆ ತಂದು ನಿಲ್ಲಿಸುವ ಕೊನೆಯಿಲ್ಲದ ಮೆಟ್ಟಿಲಿದೆಯಲ್ಲ, ಅದರ ತಡೆಯನ್ನೂ ಮೆಟ್ಟದೆ ಹಾರಿಹೋಗಬಹುದು. ಆಟವನ್ನು ಆದಷ್ಟು ಬೇಗ ಮುಗಿಸುವ ಸ್ಪೀಡ್‌ರನ್ ಆಡುವವರು ಈ ತಂತ್ರವನ್ನು ಬಿಎಲ್‌ಜೆ (ಬ್ಯಾಕ್‌ವರ್ಡ್ಸ್ ಲಾಂಗ್ ಜಂಪ್) ಎನ್ನುತ್ತಾರೆ. ಒಂದೂ ನಕ್ಷತ್ರ ಹಿಡಿಯದೆ ಆಟ ಮುಗಿಸುವ ದಾರಿ ತೆರೆದುಕೊಂಡದ್ದು ಇದರಿಂದಲೇ.

ಲಾಂಗ್ ಜಂಪ್ ಕೈಗೆ ಹತ್ತಿದ ವಾರದಲ್ಲೇ ನಮ್ಮ ಹುಡುಗಿ ಬಿಎಲ್‌ಜೆಯ ವಿಡಿಯೋ ನೋಡಿ, ಕೋಟೆಯೊಳಗಿನ ಮೆಟ್ಟಿಲ ಮೇಲೆ ಅರ್ಧ ಗಂಟೆ ಎ ಬಡಿದಳು. ಮಾರಿಯೋ ಪ್ರತಿ ಸಲವೂ ಇಳಿದಲ್ಲೇ ನಿಂತ. ‘ನನ್ನ ಬೆರಳು ಸಾಕಾಗ್ತಿಲ್ವಾ ಮಾಮ?’ ಎಂದು ಕೇಳಿದಳು. ಬೆರಳಿನ ತಪ್ಪಲ್ಲ. 1997ರ ಜುಲೈ 18ರಂದು ಜಪಾನಿನಲ್ಲಿ, ಕಂಟ್ರೋಲರ್ ಅದುರುವ ಸೌಲಭ್ಯದೊಂದಿಗೆ ಈ ಆಟದ ಪರಿಷ್ಕೃತ ಆವೃತ್ತಿ ಬಂತು. ಲಾಂಗ್ ಜಂಪ್ ಮುಗಿಸಿ ನೆಲ ಮುಟ್ಟಿದಾಗ ವೇಗ ಸೊನ್ನೆಗಿಂತ ಕಡಿಮೆಯಿದ್ದರೆ ಸೊನ್ನೆ ಮಾಡು ಎಂಬ ಸಣ್ಣ ಸಾಲೊಂದು ಅದರಲ್ಲಿ ಸೇರಿತ್ತು. 2020ರ ಸಂಗ್ರಹಕ್ಕೆ ನಿಂಟೆಂಡೊ ಆರಿಸಿಕೊಂಡದ್ದು ಆ ಆವೃತ್ತಿಯನ್ನೇ. ಇದನ್ನು ಹೇಳಿದ ಮೇಲೆ ಅವಳು ಮಾರಿಯೋನನ್ನು ತಿರುಗಿಸಿ, ಕೋಟೆಯ ಹೊರಗೆ ಓಡಿಸಿ, ಹುಲ್ಲಿನ ಮೇಲೆ ಮುಂದಕ್ಕೇ ಜಿಗಿಸತೊಡಗಿದಳು. ಜೆಡ್‌ಎಲ್ ಬಿಡದೆ, ಒಂದರ ಹಿಂದೆ ಒಂದು.